ಎರಡೂ ಪಿಂಡ

ಪಿಂಡ ಎಂದರೆ ನಮ್ಮ ಮಂದಿಗೆ ಗೊತ್ತಿದ್ದದ್ದು ಎರಡೇ. ಒಂದು ಸತ್ತವರಿಗೆ ಇಡುವುದು, ಕಾಗೆ ಬಂದು ಮುಟ್ಟುವುದು. ಇನ್ನೊಂದು ಹೆಂಗಸಿನ ಬಸಿರಲ್ಲಿ ನಿಲ್ಲುವುದು. ಬೆನ್ನಿನಲ್ಲಿ ಮತ್ತೊಂದು ತರದ ಪಿಂಡವಿದೆ, ಅದೂ ಜೋಡಿಯಾಗಿದೆ, ಹುಟ್ಟಿದಂದಿನಿಂದ ಸಾಯುವ ತನಕ ರಕ್ತ ಸೋಸುತ್ತ ಕೂತಿರುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಈ ಮೂರನೆಯದು ಗೊತ್ತಿಲ್ಲದ್ದಕ್ಕೆ ಮನೆಯವರು ಎರಡನೆಯದು ಬಂತೆಂದು ಬೆಲ್ಲ ಹಂಚಿದರು, ಇನ್ನು ಸ್ವಲ್ಪ ತಡವಾಗಿದ್ದರೆ ನನಗೆ ಮೊದಲನೆಯದನ್ನು ಇಡಬೇಕಾಗುತ್ತಿತ್ತು.

ನನ್ನ ತವರು ಬಬಲೇಶ್ವರ, ಕೊಟ್ಟದ್ದು ತಿಕೋಟಾಕ್ಕೆ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಮದುವೆಯಾಗಿ ಕೆಲವು ವರ್ಷ ಕಳೆದರೂ ನನಗೆ ಬಸಿರು ನಿಂತಿರಲಿಲ್ಲ. ಅತ್ತೆ ಬಾಯಿ ಬಿಟ್ಟು ಬೈಯುವವಳಲ್ಲ. ಆದರೆ ಘೋಣಸಗಿಯಲ್ಲಿ ಆಕೆಯ ಅಣ್ಣನಿಗೆ ಬೆಳೆದ ಮಗಳಿದ್ದಳು. ಆ ಅಣ್ಣ ಸಂತೆಗೆ ಬಂದಾಗಲೆಲ್ಲ ನಮ್ಮ ಕಟ್ಟೆಯ ಮೇಲೆ ಕುಳಿತು ತಂಗಿಗೆ ಹೇಳುತ್ತಿದ್ದ, "ಒಂದ ಹೊಲ ಬೆಳೀಲಿಲ್ಲಂದ್ರ ಮತ್ತೊಂದ ಹೊಲಾ ಬಿತ್ತಬೇಕವ್ವ ತಂಗಿ." ನಾನು ಒಳಗೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ಅತ್ತೆ ಹೂಂ ಎನ್ನುತ್ತಿರಲಿಲ್ಲ, ಊಹೂಂ ಎನ್ನುತ್ತಿರಲಿಲ್ಲ. "ಚಾ ಕುಡದ ಹೋಗಣ್ಣ" ಎನ್ನುತ್ತಿದ್ದಳು. ಆಕೆ ಒಂದು ದಿನ ಹೂಂ ಎಂದರೆ ನಾನು ಗಂಟು ಕಟ್ಟಬೇಕು, ಇಲ್ಲವೇ ಸವತಿಗೆ ನೀರು ಕಾಯಿಸಿ ಕೊಡಬೇಕು. ಇದು ನನಗೆ ಗೊತ್ತಿತ್ತು.

ಆ ವರ್ಷ ಕುಸುಬಿ ಚೆನ್ನಾಗಿ ಬಂದಿತ್ತು. ಕುಸುಬಿ ಕೀಳುವುದು ಎಂಥ ಕೆಲಸವೆಂದು ಕಿತ್ತವರಿಗೇ ಗೊತ್ತು. ಗಿಡವೆಲ್ಲ ಮುಳ್ಳು. ಗಂಡಸರು ಕಾಲಿಗೆ ಗೋಣಿತಟ್ಟು ಸುತ್ತಿಕೊಳ್ಳುತ್ತಿದ್ದರು. ನಾವು ಹೆಂಗಸರು ಹಳೆಯ ಸೀರೆಯ ಚಿಂದಿ ಸುತ್ತಿಕೊಂಡು ಇಳಿಯುತ್ತಿದ್ದೆವು. ನನ್ನ ಎರಡೂ ಕಾಲಿಗೆ ಮುಳ್ಳು ಚುಚ್ಚಿ, ಕೆರೆದು, ಕೀವು ತುಂಬಿ ಹುಣ್ಣಾದವು. ಅರಿಷಿಣ ಹಚ್ಚಿದೆ, ಕುಸುಬಿ ಎಣ್ಣೆಯನ್ನೇ ಕಾಯಿಸಿ ಹಚ್ಚಿದೆ. ಹುಣ್ಣು ಒಣಗುತ್ತ ಬಂತು. ಆಯಿತು ಬಿಡು, ಎಂದುಕೊಂಡೆ.

ಹುಣ್ಣು ಒಣಗುವ ಹೊತ್ತಿಗೆ ಮುಖ ಬಾತಿತು. ಮುಂಜಾನೆ ಎದ್ದರೆ ಕಣ್ಣಿನ ರೆಪ್ಪೆ ಉಬ್ಬಿ ಕಣ್ಣು ತೆರೆಯಲು ಬರುತ್ತಿರಲಿಲ್ಲ. ಹೊತ್ತು ಏರಿದಂತೆ ಮುಖದ ಬಾವು ಇಳಿದು ಕಾಲಿಗೆ ಬರುತ್ತಿತ್ತು. ಕಾಲುಂಗುರ ಬೆರಳಿನ ಮಾಂಸದಲ್ಲಿ ಹೂತು ಹೋದವು. ಉಚ್ಚೆ ಕಡಿಮೆಯಾಯಿತು, ಬಂದದ್ದು ಹಾಲಿಲ್ಲದ ಚಹಾದ ಬಣ್ಣ. ಅದನ್ನು ಯಾರಿಗೆ ಹೇಳುವುದು? ನಾವು ಹೆಂಗಸರು ಬಯಲಿಗೆ ಹೋಗುವುದು ಬೆಳಕು ಹರಿಯುವ ಮೊದಲು, ಬಣ್ಣ ನೋಡುವವರು ಯಾರು. ನಾನು ಒಮ್ಮೆ ಹಗಲು ಹಿತ್ತಲಲ್ಲಿ ನೋಡಿದೆ, ಕಾವಿನದು ಇರಬೇಕು ಎಂದು ಸುಮ್ಮನಾದೆ. ಆ ತಿಂಗಳ ಮುಟ್ಟೂ ತಪ್ಪಿತ್ತು. ಅದನ್ನು ಮಾತ್ರ ಅತ್ತೆ ಗಮನಿಸಿದ್ದಳು. ಮುಟ್ಟಾಗಿ ಕಡೆಗೆ ಕೂರದ ಸೊಸೆಯನ್ನು ಯಾವ ಅತ್ತೆ ಗಮನಿಸುವುದಿಲ್ಲ?

ತಲೆನೋವು ಬಂದು ವಾಂತಿಯಾಗತೊಡಗಿದಾಗ ಅತ್ತೆ ನನ್ನನ್ನು ವಿಜಾಪುರದ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದಳು. ಗಂಡನೂ ಬಂದಿದ್ದ, ಆದರೆ ಹೊರಗೆ ಬೇವಿನ ಗಿಡದ ಕೆಳಗೆ ನಿಂತ. ಒಳಗೆ ಪರದೆಯ ಹಿಂದೆ ನಾನು ಮಲಗಿದ್ದೆ, ಅತ್ತೆ ಈಚೆ ಸ್ಟೂಲಿನ ಮೇಲೆ ಕೂತಿದ್ದಳು. ಡಾಕ್ಟರು ಪುಣೆಯಲ್ಲಿ ಕಲಿತವರು, ವಯಸ್ಸಾದವರು, ಸಾವಕಾಶವಾಗಿ ಮಾತಾಡುತ್ತಿದ್ದರು. ತೋಳಿಗೆ ಬಟ್ಟೆ ಸುತ್ತಿ ಗಾಳಿ ಹೊಡೆದು ನೋಡಿದರು. ಶೀಸೆಯಲ್ಲಿ ಉಚ್ಚೆ ಹಿಡಿಸಿ ಪಕ್ಕದ ಖೋಲಿಗೆ ಒಯ್ದು ನೋಡಿ ಬಂದರು. ಆಮೇಲೆ ಅತ್ತೆಗೆ ಹೇಳಿದರು.

"ಬಾಯಾರ, ಎರಡೂ ಮೂತ್ರಪಿಂಡಕ್ಕ ಬಾವು ಬಂದದ. ಇಲ್ಲೇ ಇರಸ್ರಿ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಈ ತಿಂಗಳ ಕಡಿಗಿ ಆಗಿಲ್ರಿ ಸಾಹೇಬ್ರ" ಎಂದಳು, ಮೆಲ್ಲಗೆ.

"ಆಗೂದಿಲ್ಲ. ಇಂಥಾದ್ರಾಗ ಒಮ್ಮೊಮ್ಮೆ ಹಂಗ ಆಗ್ತದ."

"ಮನ್ಯಾಗ ಮಲಗಿಸ್ತೀವ್ರಿ. ಕಸಾ ಹೊಡಿಯಾಕೂ ಹಚ್ಚೂದಿಲ್ಲ."

"ಹಂಗಾದ್ರ ಕೇಳ್ರಿ. ಉಪ್ಪು ಪೂರಾ ಬಂದ್. ನೀರು ಹೇಳಿದಷ್ಟ. ಉಪ್ಪಿನಕಾಯಿ, ಹಪ್ಪಳ, ಚಟ್ನಿ ಏನೂ ಬ್ಯಾಡ. ವಾರದಾಗ ಹೊಳ್ಳಿ ಕರಕೊಂಡ ಬರ್ರಿ. ಮರತೀರಿ ಅಂದ್ರ ಜೀವಕ್ಕ ಬರ್ತದ."

ಸೂಜಿ ಚುಚ್ಚಿದರು, ಗುಳಿಗೆ ಕೊಟ್ಟರು. ನಾವು ಹೊರಗೆ ಬಂದೆವು. ಬೇವಿನ ಗಿಡದ ಕೆಳಗೆ ಗಂಡನಲ್ಲದೆ ಬೇರೆ ನಾಲ್ಕು ಜನ ಗಂಡಸರೂ ಇದ್ದರು. ನನ್ನ ಅತ್ತೆ ಗಂಡಸರ ಮುಂದೆ ಉಚ್ಚೆ ಎನ್ನುವ ಹೆಂಗಸಲ್ಲ, ಮೂತ್ರ ಎಂಬ ಪುಸ್ತಕದ ಮಾತನ್ನೂ ಎನ್ನುವವಳಲ್ಲ. ಕಾಲಮಡಿ ಎಂಬ ಮಾತಿದೆ, ಅದನ್ನೂ ಹೆಂಗಸರ ಮುಂದಷ್ಟೇ. ಮಗ "ಏನಂದ್ರಬೇ?" ಎಂದು ಕೇಳಿದ. ಅತ್ತೆ ಅರ್ಧ ಮಾತು ನುಂಗಿ ಅರ್ಧ ಹೇಳಿದಳು.

"ಪಿಂಡ. ಎರಡು."

ಗಂಡ ನನ್ನ ಮುಖ ನೋಡಿದ. ನಾನೂ ಪರದೆಯ ಹಿಂದಿನಿಂದ ಅದನ್ನೇ ಕೇಳಿದ್ದೆ, ನಾನೂ ಹಾಗೇ ತಿಳಿದೆ. ತಿಳಿಯಬೇಕೆಂದು ಆಸೆ ಇತ್ತು, ತಿಳಿದೆ. ಬಸ್ಸಿನಲ್ಲಿ ತೊರವಿ ದಾಟುವ ತನಕ ಅವನು ಬೀಡಿ ಹಚ್ಚಲಿಲ್ಲ. ಹೊಗೆ ನನಗೆ ಬಡಿಯಬಾರದು ಎಂದು. ಮದುವೆಯಾದ ಮೇಲೆ ಅದೇ ಮೊದಲು.

ಮರುದಿನ ಓಣಿಗೆಲ್ಲ ಗೊತ್ತಾಯಿತು, ಅವಳಿ ಜವಳಿ ಅಂತ. ಗಂಡ ಬಡಿಗನ ಹತ್ತಿರ ಹೋಗಿ ಅಗಲ ತೊಟ್ಟಿಲಿಗೆ ಹೇಳಿ ಬಂದ. "ಇಬ್ರು ಹಿಡಿಯುವಂಥಾದ್ದು" ಎಂದು ಕೈ ಅಗಲಿಸಿ ತೋರಿಸಿದನಂತೆ. ಅತ್ತೆ ನನ್ನನ್ನು ಪಡಸಾಲೆಯಲ್ಲಿ ಮಲಗಿಸಿ ಕೌದಿ ಹೊದಿಸಿದಳು. ಮಲಗಿಸುವ ಮಾತು ಬಸಿರಿಗೂ ಒಪ್ಪುತ್ತಿತ್ತು, ಅದನ್ನು ನಡೆಸಿದಳು. ಉಪ್ಪಿನ ಮಾತು ಒಪ್ಪುತ್ತಿರಲಿಲ್ಲ. ಎದುರು ಮನೆಯ ಮುದುಕಿ ಬಂದು ಕೇಳಿ ನಕ್ಕಳು.

"ಬಸರೀಗಿ ಉಪ್ಪು ಬಂದ್ ಮಾಡಂದಾನ? ಅಂವೇನ ಹಡದಾನೇನಬೇ?"

"ನಾನೂ ಅದ ಅಂದ್ನಿ" ಎಂದಳು ಅತ್ತೆ. "ಎರಡ ಕೂಸು ಬೆಳೀಬೇಕಂದ್ರ ಇಕಿ ನಾಲ್ಗಿಗೆ ರುಚಿ ಬ್ಯಾಡೇನ."

ಓಣಿಯಿಂದ ಒಬ್ಬಳು ಮಾವಿನ ಉಪ್ಪಿನಕಾಯಿ ತಂದಳು, ಒಬ್ಬಳು ಹುಣಸೆ ತೊಕ್ಕು, ಒಬ್ಬಳು ಹಪ್ಪಳ ಸುಟ್ಟು ತಂದಳು. ನಾನು ತಿಂದೆ. ವಾಂತಿ ಬಂದಂತಾಗುವ ಬಾಯಿಗೆ ಹುಳಿ ಉಪ್ಪೇ ಬೇಕೆನಿಸುತ್ತಿತ್ತು, ಅದಕ್ಕೆ ಬಯಕೆ ಎಂದು ಹೆಸರಿಟ್ಟರು. ನಮ್ಮ ಕಡೆ ಜೋಳದ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. ಅದೊಂದೇ ನನ್ನ ಪುಣ್ಯ. ಅದಕ್ಕೂ ಹಾಕುವ ದೇಶದಲ್ಲಿ ಹುಟ್ಟಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ದವಾಖಾನೆಗೆ ಹೊಳ್ಳಿ ಹೋಗುವ ವಾರ ಬಂತು, ಹೋಯಿತು. "ಬಸ್ಸಿನ ಕುಲುಕಾಟದಾಗ ಪಿಂಡ ಅಲಗಾಡಿದ್ರ?" ಎಂದಳು ಅತ್ತೆ. ಉಚ್ಚೆ ಹನಿಹನಿಯಾಯಿತು. ನಾಚಿಕೆ ಬಿಟ್ಟು ಅತ್ತೆಗೆ ಹೇಳಿದೆ. ಆಕೆ ಅದಕ್ಕೂ ಲೆಕ್ಕ ಹಚ್ಚಿದಳು.

"ಎರಡೂ ಕೂಸು ಅದರ ಮ್ಯಾಲ ಕುಂತಾವ. ಜಾಗಾ ಎಲ್ಲೈತಿ ಹೊರಗ ಬರಾಕ?"

ಹೊಟ್ಟೆಯೂ ಉಬ್ಬಿತು. ಅದು ನೀರು. ನೋಡಿದವರು ಭೇಷ್ ಎಂದರು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ಆತು ಕೂತು ನಿದ್ದೆ ಮಾಡುತ್ತಿದ್ದೆ. ಆಗ ನನಗೆ ಸಂಶಯ ಬಂತು. ಬಬಲೇಶ್ವರದಲ್ಲಿ ಎಷ್ಟು ಬಸುರಿಯರನ್ನು ನೋಡಿಲ್ಲ? ಮುಂಜಾನೆ ಮುಖ ಬಾತು ಕಣ್ಣು ಮುಚ್ಚಿದವರನ್ನು ಕಂಡಿರಲಿಲ್ಲ. ಆದರೆ ಬಾಯಿ ಬಿಡಲಿಲ್ಲ. ಬಸಿರಲ್ಲ ಎಂದು ನಾನೇ ಹೇಳಿದರೆ ಘೋಣಸಗಿಯ ಚಕ್ಕಡಿ ಬಂದು ಬಾಗಿಲಿಗೆ ನಿಲ್ಲುತ್ತದೆ. ಹೇಳದಿದ್ದರೆ ಸಾಯುತ್ತೇನೆ. ಆಗಿನ ಬುದ್ಧಿಗೆ ಈ ಎರಡೂ ಒಂದೇ ತೂಕದವು.

ಸುದ್ದಿ ಮುಟ್ಟಿ ನಮ್ಮವ್ವ ಬಬಲೇಶ್ವರದಿಂದ ಚಕ್ಕಡಿಯಲ್ಲಿ ಬಂದಳು. ಬುಟ್ಟಿ ತುಂಬ ಶೇಂಗಾ ಹೋಳಿಗೆ, ಕರಚಿಕಾಯಿ. ಅವ್ವ ಎತ್ತರದ ಹೆಂಗಸು, ಬಾಯಿ ಗಟ್ಟಿ, ಅಕ್ಷರ ಒಂದೂ ಬಾರದು. ಬಾಗಿಲಲ್ಲಿ ಕಾಲಿಗೆ ನೀರು ಹಾಕಿಕೊಂಡು ಒಳಗೆ ಬಂದವಳು ಬುಟ್ಟಿ ಇಳಿಸದೆ ನನ್ನನ್ನು ನೋಡಿದಳು.

"ಇದ್ಯಾರ ಮಾರಿಬೇ?" ಎಂದಳು.

"ನಿಮ್ಮ ಮಗಳದ ರೀ ಬೀಗತಿ. ಜೋಡಿ ಹೊತ್ತಾಳ, ಮಾರಿ ತುಂಬೈತಿ" ಎಂದಳು ಅತ್ತೆ.

ಅವ್ವ ಬುಟ್ಟಿ ಇಳಿಸಿದಳು. ನನ್ನ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆಟ್ಟು ಇಟ್ಟು ಒತ್ತಿದಳು, ತೆಗೆದಳು. ನಾದಿದ ಹಿಟ್ಟಿನಲ್ಲಿ ಬೆರಳು ಊರಿದಂತೆ ತಗ್ಗು ಹಾಗೇ ಉಳಿಯಿತು.

"ಹೊಟ್ಟಿ ನೋಡಿ ಬೀಗಬ್ಯಾಡ್ರಿ. ಬಸರಿ ಕಾಲು ಬಾಯ್ತಾವ, ಅದೂ ದಿನಾ ತುಂಬಿದ ಮ್ಯಾಲ. ಇದು ಮಾರಿಂದ ಹಿಡದೈತಿ. ಡಾಕ್ಟರ ಏನಂದ್ರು? ಅಂದದ್ದ ಅಂದಂಗ ಹೇಳ್ರಿ."

"ಹೇಳೀನಲ್ರಿ, ಪಿಂಡ ಅಂದ್ರು."

"ಬರೇ ಪಿಂಡ ಅಂದ್ರ?"

ಅತ್ತೆ ಪಡಸಾಲೆಯ ಆಚೆ ಕೂತಿದ್ದ ಮಗನನ್ನು ನೋಡಿದಳು. ಅವ್ವ ಅವನಿಗೆ, "ಅಳಿಯಾರ, ತುಸು ಎತ್ತಿಗೆ ನೀರ ಕುಡಿಸಿ ಬರ್ರಿ" ಎಂದಳು. ಅವನು ಎದ್ದು ಹೋದ. ಆಗಲೂ ಅತ್ತೆ ಅವ್ವನ ಕಿವಿಗೆ ಬಾಯಿ ಹಚ್ಚಿಯೇ ಹೇಳಿದ್ದು.

"ಮೂತ್ರಪಿಂಡ ಅಂದ್ರು."

"ಮೂತ್ರ ಅಂದ್ರ?"

"ಕಾಲಮಡಿ ರೀ. ಓದಿದವರ ಮಾತಿನ್ಯಾಗ."

"ಹಂಗಾದ್ರ ಕಾಲಮಡಿ ಪಿಂಡ ಅಂದ್ರು. ಕೂಸಿನ ಪಿಂಡ ಎಲ್ಲಿ ಅಂದ್ರು?"

ಅತ್ತೆ ಸೋಲುವ ಹೆಂಗಸಲ್ಲ. "ಎರಡು ಅಂತ ಸ್ವಚ್ಛ ಅಂದಾರ್ರಿ. ಎರಡೂ ಪಿಂಡಕ್ಕ ಬಾವು ಬಂದದ ಅಂತ ಅಂದ್ರು. ನನ್ನ ಕಿವಿ ಇನ್ನಾ ಕಿವುಡಾಗಿಲ್ಲ."

ಅವ್ವ ಕೇಳಿದಳು, "ಎರಡು ಅಂದ್ರೋ, ಎರಡೂ ಅಂದ್ರೋ?"

"ಎರಡೂ."

"ಮನ್ಯಾಗ ಎಷ್ಟ ಎತ್ತು ಅದಾವ ನಿಮ್ಮಲ್ಲಿ?"

"ಎರಡು."

"ಎರಡೂ ಎತ್ತಿಗೆ ಬ್ಯಾನಿ ಬಂದೈತಿ ಅಂದ್ರ, ಹೊಸಾವ ಎರಡು ಬಂದಾವಂತ ಅರ್ಥಾನ್ರಿ? ಮೊದಲ ಇದ್ದೂ ಎರಡು. ಅವೆರಡಕ್ಕೂ ಬ್ಯಾನಿ ಬಂದೈತಿ. ನನ್ನ ಮಗಳ ಮೈಯಾಗ ಹುಟ್ಟಿದಾಗಿಂದ ಏನೋ ಎರಡ ಅದಾವ. ಅವು ಕೆಟ್ಟಾವ."

ನಾನು ಸಾಲೆ ಕಲಿತದ್ದು ಎರಡನೆಯ ಇಯತ್ತೆ. ಡು ಕೊಂಬು, ಡೂ ಕೊಂಬಿನ ಇಳಿ ಎಂದು ಪಾಟಿಯ ಮೇಲೆ ತಿದ್ದಿದ್ದೆ, ಬೆತ್ತದ ಏಟೂ ತಿಂದಿದ್ದೆ. ಆದರೂ ಆ ದೀರ್ಘ ನನ್ನ ಕಿವಿಗೆ ಬಿದ್ದಿರಲಿಲ್ಲ.

ಅದೇ ಮಧ್ಯಾಹ್ನದ ಬಸ್ಸಿಗೆ ಹೊರಟೆವು. ಕಂಡಕ್ಟರು, "ಬಸರಿ ಹೆಣ್ಣಮಗಳು, ಜಾಗಾ ಬಿಡ್ರಿ" ಎಂದು ಮುಂದಿನ ಸೀಟು ಬಿಡಿಸಿದ. ಸುಳ್ಳು ಬಸಿರಿಗೂ ಸೀಟು ಸಿಕ್ಕಿತು. ತಿದ್ದಿ ಹೇಳಲು ನನಗೆ ಉಸಿರಿರಲಿಲ್ಲ, ಅತ್ತೆಗೆ ಮನಸ್ಸಿರಲಿಲ್ಲ. ದೂರದಿಂದ ಗೋಳಗುಮ್ಮಟ ಕಂಡಾಗ ಅವ್ವ, "ಬಂತು, ತುಸು ತಡಿ" ಎಂದಳು.

ಡಾಕ್ಟರು ನನ್ನನ್ನು ನೋಡಿ ಬೈಯಲಿಲ್ಲ. ಕೂಡಲೇ ಕಾಟಿನ ಮೇಲೆ ಕೂರಿಸಿದರು, ದಿಂಬು ಇಟ್ಟರು. ಕೊನೆಯ ಪಕ್ಕೆಲುಬು ಬೆನ್ನಿಗೆ ಸೇರುವ ಕಡೆ ಮುಷ್ಟಿಯಿಂದ ಮೆಲ್ಲಗೆ ಬಡಿದರು. ನಾನು ನರಳಿದೆ. ಆಮೇಲೆ ಸೀರೆ ತುಸು ಎತ್ತಿಸಿ ಕಾಲು ನೋಡಿ, ಒಣಗಿದ ಕಲೆಗಳಿಗೆ ಬೆರಳು ತೋರಿಸಿ ಕೇಳಿದರು.

"ಇವು ಏನು?"

"ಕುಸುಬಿ ಮುಳ್ಳು ರೀ. ಹುಣ್ಣಾಗಿದ್ದು."

"ಹುಂ. ಅಲ್ಲಿಂದ ಬಂದದ್ದು. ಹುಣ್ಣಿನ ನಂಜು ಕಾಲಾಗ ಒಣಗ್ತು, ಒಳಗ ಹೋಗಿ ಮೂತ್ರಪಿಂಡ ಕೆಡಿಸ್ತು."

ಅತ್ತೆ ಮುಂದೆ ಬಂದು ಕೈ ಮುಗಿದು ನಿಂತಳು. "ಸಾಹೇಬ್ರ, ಹಂಗಾದ್ರ ಕೂಸು?"

"ಯಾವ ಕೂಸು?"

"ಜೋಡಿ ರೀ."

ಡಾಕ್ಟರು ಕನ್ನಡಕ ತೆಗೆದು ಆಕೆಯನ್ನು ನೋಡಿದರು. ಅವ್ವ ಪಿಂಡದ ಕಥೆ ಹೇಳಿದಳು. ನರ್ಸಬಾಯಿ ಮುಖ ಆಚೆ ತಿರುಗಿಸಿ ನಕ್ಕಳು. ಡಾಕ್ಟರು ನಗಲಿಲ್ಲ. ಗಾಜಿನ ನಳಿಗೆಯಲ್ಲಿ ನನ್ನ ಉಚ್ಚೆ ಹಾಕಿ ತಂದು ಅತ್ತೆಯ ಎದುರೇ ಸ್ಪಿರಿಟ್ ದೀಪದ ಮೇಲೆ ಹಿಡಿದರು. ಮೇಲಿನ ಅರ್ಧ ಕಾಯ್ದಂತೆ ಬೆಳ್ಳಗಾಗಿ ಗಟ್ಟಿಯಾಯಿತು. ಕೆಳಗಿನ ಅರ್ಧ ಹಾಗೇ ಇತ್ತು.

"ಹಾಲು ಒಡದಂಗ ಆತಲ್ರಿ" ಎಂದಳು ಅತ್ತೆ.

"ತತ್ತಿ ಬೇಯಿಸಿದ್ರ ಬೆಳ್ಳಗ ಆಗ್ತದಲ್ಲ, ಅದ ಇದು. ರಕ್ತದಾಗಿನ ಸಾರ. ಒಳಗ ಇರೂದು. ಜರಡಿ ಹರದದ ಅಂತ ಹೊರಗ ಹೊಂಟದ. ಹೊರಗ ಹೋಗೋ ಉಪ್ಪು ನೀರು ಒಳಗ ನಿಂತಾವ. ಅದಕ್ಕ ಬಾವು. ಕೂಸು ಗೀಸು ಏನಿಲ್ಲ, ಬಾಯಾರ. ಇಕಿ ಉಳಿಯೂದು ನೋಡ್ರಿ ಮೊದಲ."

ಅತ್ತೆ ಆ ನಳಿಗೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು, "ಈ ಪಿಂಡ ಸುದ್ದ ಆದ್ರ, ಆ ಪಿಂಡ ನಿಂದರತೈತೇನ್ರಿ?"

"ಇದು ಸುದ್ದ ಆಗ್ಲಿ. ಅದರ ಮಾತು ಆಮ್ಯಾಲೆ."

ಆ ಜೋಡಿ ಎಂಥದ್ದು ಎಂದು ನನಗೆ ತಿಳಿದದ್ದು ಅಲ್ಲಿ ಕಾಟಿನ ಮೇಲೆ ಕೂತು. ಡಾಕ್ಟರು ಬಡಿದ ಜಾಗ ನೆನಪಿಗೆ ಬಂತು. ನಮ್ಮ ತವರಲ್ಲಿ ಆಡು ಕೊಯ್ದಾಗ ಹೆಣ್ಣುಮಕ್ಕಳೇ ಮಾಂಸ ಕೊಯ್ದು ಹಸನು ಮಾಡುವುದು. ಬೆನ್ನೆಲುಬಿನ ಆಚೆ ಈಚೆ, ನೆಣದ ಮುದ್ದೆಯೊಳಗೆ ಹುದುಗಿದ ಎರಡು ಇರುತ್ತವೆ, ಗುರ್ದಾ ಎನ್ನುತ್ತಾರೆ. ನೆಣ ಬಿಡಿಸಿ ಮೇಲಿನ ಪೊರೆ ಸುಲಿದರೆ ಒಳಗೆ ನುಣ್ಣಗೆ, ಅವರೆ ಬೀಜದ ಆಕಾರ, ಕಂದು ಬಣ್ಣ. ಅದನ್ನು ಕೆಂಡದಲ್ಲಿ ಸುಟ್ಟು ಆಡು ಹಿಡಿದವನಿಗೆ ಕೊಡುವುದು ನಮ್ಮ ಮನೆಯ ಪದ್ಧತಿ. ನನ್ನ ಬೆರಳು ಅದನ್ನು ಎಷ್ಟು ಸಲ ಮುಟ್ಟಿದ್ದವು! ಅದು ಏನು ಕೆಲಸ ಮಾಡುತ್ತದೆ ಎಂದು ಕೇಳಿರಲಿಲ್ಲ. ತಿನ್ನುವ ವಸ್ತುವಿಗೆ ಕೆಲಸ ಯಾಕೆ?

"ಸಾಹೇಬ್ರ, ಗುರ್ದಾ ಏನ್ರಿ?" ಎಂದೆ.

"ಹಾಂ, ಗುರ್ದಾನ."

ಮುಂದೆ ಅರವತ್ತರ ದಶಕದಲ್ಲಿ ತಿಕೋಟಾದ ಮನೆಯಲ್ಲಿ ಆಡು ಕೊಯ್ದಾಗೆಲ್ಲ ನಾನು ಒಂದು ಗುರ್ದಾ ಉದ್ದಕ್ಕೆ ಸೀಳಿ ನೋಡುತ್ತಿದ್ದೆ. ಸುತ್ತ ದಟ್ಟ ಬಣ್ಣದ ಅಂಚು, ಅದರೊಳಗೆ ಗೆರೆಗೆರೆಯಾದ ತಿಳಿ ಮಾಂಸ, ನಡುವೆ ಬೆಳ್ಳಗಿನ ಸಣ್ಣ ಚೀಲ. ಬೀಜದ ಡೊಂಕು ಇರುವ ಕಡೆ ಮೂರು ನಳಿಗೆ. ಒಂದರಲ್ಲಿ ರಕ್ತ ಒಳಗೆ ಬರುತ್ತದೆ, ಒಂದರಲ್ಲಿ ಸೋಸಿದ ರಕ್ತ ಹೊರಗೆ ಹೋಗುತ್ತದೆ, ಮೂರನೆಯದು ಆ ಚೀಲದಿಂದ ಹೊರಟು ಕೆಳಗೆ ಉಚ್ಚೆಯ ಚೀಲಕ್ಕೆ ಇಳಿಯುತ್ತದೆ. ಮನುಷ್ಯರದೂ ಹೀಗೇ, ಒಳಗಿನ ಮಾಂಸ ಮಾತ್ರ ಒಂದೇ ಗಡ್ಡೆಯಲ್ಲ, ಬೆಳ್ಳುಳ್ಳಿಯಂತೆ ಎಸಳೆಸಳು ಎಂದು ಡಾಕ್ಟರು ಹೇಳಿದ್ದರು. ಒಂದೊಂದು ಅವರವರ ಮುಷ್ಟಿಯಷ್ಟು. ಬಲಗಡೆಯದು ಒಂದಿಷ್ಟು ಕೆಳಗೆ, ಮೇಲೆ ಓದಿದವರು ಯಕೃತ್ತು ಎನ್ನುವ ಕಲೀಜಾ ಕೂತಿರುತ್ತದಲ್ಲ, ಅದಕ್ಕೆ. ಜರಡಿಯ ತೂತು ಕಣ್ಣಿಗೆ ಕಾಣುವಂಥವಲ್ಲ, ಅಂಚಿನೊಳಗೆ ಲಕ್ಷಗಟ್ಟಲೆ ಇರುತ್ತವಂತೆ.

ಡಾಕ್ಟರು ಜರಡಿ ಎಂದರು, ಆದರೆ ಅವರು ಹೇಳಿದ್ದು ಪೂರಾ ಕೇಳಿದರೆ ಅದು ಜರಡಿಯ ಕೆಲಸವಲ್ಲ. ದಸರೆಯ ಮುಂದೆ ನಾವು ಮನೆ ಸಾರಿಸುವ ಹಾಗೆ. ಆಗ ಕಸ ಯಾವುದು ಎಂದು ಹುಡುಕುತ್ತ ಕೂಡುವುದಿಲ್ಲ. ಮನೆಯೊಳಗಿನ ಸಾಮಾನೆಲ್ಲ ಅಂಗಳಕ್ಕೆ ಹಾಕುತ್ತೇವೆ. ಆಮೇಲೆ ಬೇಕಾದ್ದನ್ನು ಒಂದೊಂದೇ ಒಳಗೆ ತರುತ್ತೇವೆ. ಕೊನೆಗೆ ಅಂಗಳದಲ್ಲಿ ಉಳಿದದ್ದೇ ಕಸ. ಗುರ್ದಾ ಕೂಡ ರಕ್ತದ ನೀರನ್ನು ಅದರೊಳಗಿನ ಉಪ್ಪು ಸಕ್ಕರೆಯ ಸಮೇತ ಹೊರಗೆ ಹಾಕಿ, ಬೇಕಾದಷ್ಟನ್ನು ಹೊಳ್ಳಿ ಒಳಗೆ ತರುತ್ತದಂತೆ. ಬಹುತೇಕ ನೀರು ಹೊಳ್ಳಿ ಬರುತ್ತದಂತೆ. ಉಳಿದದ್ದು ಉಚ್ಚೆ. ದಸರೆ ನಮಗೆ ವರ್ಷಕ್ಕೊಮ್ಮೆ, ಅದಕ್ಕೆ ಹಗಲೂ ರಾತ್ರಿ ದಸರೆ. ರಕ್ತದ ಒತ್ತಡವನ್ನೂ ಅದೇ ನೋಡಿಕೊಳ್ಳುತ್ತದೆ. ನನ್ನ ತಲೆನೋವು ಅಲ್ಲಿಯದೇ.

ದವಾಖಾನೆಯಲ್ಲಿ ಹೇಳಿದ್ದು ಮೂರೇ ಮಾತು. ಮಲಗು, ಉಪ್ಪು ತಿನ್ನಬೇಡ, ಹೊರಗೆ ಬಂದಷ್ಟಕ್ಕೆ ತುಸು ಮೇಲೆ ನೀರು ಕುಡಿ. ಬೇಳೆಯನ್ನೂ ಕೆಲವು ದಿನ ಬಿಡಿಸಿದರು. ಸಪ್ಪನೆ ಅನ್ನ, ಸಕ್ಕರೆ ನೀರು, ಮೋಸಂಬಿ. ಸೂಜಿ ಬೇರೆ. ಕಾಲುಂಗುರ ಕತ್ತರಿಸಬೇಕು ಎಂದಳು ನರ್ಸಬಾಯಿ. ಗಂಡ ಬದುಕಿರುವಾಗ ಕತ್ತರಿಸುವುದೇ ಎಂದು ಅತ್ತೆ ಅಡ್ಡ ಬಂದಳು. ಅವ್ವ ಸಾಬೂನು ನೀರು ಹಚ್ಚಿ ತಿರುವಿ ತಿರುವಿ ತೆಗೆದಳು. ಚರ್ಮ ಸುಲಿಯಿತು, ಬೆಳ್ಳಿ ಉಳಿಯಿತು.

ಅವ್ವ ಸುಗ್ಗಿ ಬಿಟ್ಟು ಬಂದವಳು, ಹೊಳ್ಳಿ ಹೋದಳು. ಅತ್ತೆ ಉಳಿದಳು. ಮೊದಲ ದಿನ ನರ್ಸಬಾಯಿ ಗೆರೆ ಹಾಕಿದ ಗಾಜಿನ ಪಾತ್ರೆ ಕೊಟ್ಟು, "ನಿಮ್ಮ ಸ್ವಸಿ ಎಷ್ಟು ಹೋದ್ಲು ಅಂತ ಇದರಾಗ ನೋಡಿ ಹೇಳ್ರಿ" ಎಂದಾಗ ಅತ್ತೆ ಪಾತ್ರೆಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಕಳ್ಳಮಾಲು ಒಯ್ಯುವಂತೆ ಒಯ್ದು, ನರ್ಸಬಾಯಿಯ ಕಿವಿಯಲ್ಲಿ ಹೇಳಿ ಬರುತ್ತಿದ್ದಳು. ಮೊದಮೊದಲು ಹೇಳಲು ಹೆಚ್ಚೇನೂ ಇರಲಿಲ್ಲ. ಒಂದು ಗೆರೆಯೂ ತುಂಬುತ್ತಿರಲಿಲ್ಲ. ಪಕ್ಕದ ಕಾಟಿನವಳು ಹೊಟ್ಟೆಯ ಗಡ್ಡೆಗೆ ಬಂದಿದ್ದಳು, ಅವಳು ಸತ್ತಳು. ಅತ್ತೆ ಆ ದಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ಬಹಳ ಸಲ ನೋಡಿದಳು, ನೋಡಿದರೆ ಹೆಚ್ಚಾಗುತ್ತದೆ ಎಂಬಂತೆ.

ಒಂದು ಮುಂಜಾನೆ ನನಗೆ ತಡೆಯಲಾರದಷ್ಟು ಬಂತು. ಪಾತ್ರೆ ತುಂಬಿತು. ಮತ್ತೊಂದು ತಾ ಎಂದೆ. ಅದೂ ತುಂಬುತ್ತ ಬಂತು, ಬಣ್ಣವೂ ತಿಳಿಯಾಗಿತ್ತು. ಅತ್ತೆ ಎರಡು ಕೈಯಲ್ಲಿ ಎರಡು ಪಾತ್ರೆ ಹಿಡಿದು ವಾರ್ಡಿನ ನಡುವೆ ನಿಂತು, ಡಾಕ್ಟರು ಆಚೆ ತುದಿಯಲ್ಲಿದ್ದರು, ಅಲ್ಲಿಂದಲೇ ಕೂಗಿದಳು.

"ಸಾಹೇಬ್ರ, ಉಚ್ಚಿ ಹೊಯ್ದಾಳ್ರಿ. ಎರಡ ಪಾತ್ರಿ ಹೊಯ್ದಾಳ."

ಗಂಡಸರೂ ಇದ್ದರು, ಪೇಶಂಟುಗಳನ್ನು ನೋಡಲು ಬಂದವರು. ಡಾಕ್ಟರು ಅಲ್ಲಿಂದಲೇ ಕೈ ಎತ್ತಿದರು. ಆಮೇಲೆ ದಿನವೂ ಹಾಗೇ ಆಯಿತು. ಬಾವು ಇಳಿದು ಮುಖದ ಎಲುಬು ಕಂಡಿತು. ನನ್ನನ್ನು ನೋಡಲು ಬಂದ ಗಂಡ ಗುರುತು ಸಿಗದೆ ಒಂದು ಗಳಿಗೆ ಬೇರೆ ಕಾಟಿನ ಕಡೆ ಹೋದ. ಹೊಟ್ಟೆಯೂ ಇಳಿಯಿತು. ಅವನು ಅದನ್ನು ನೋಡಿದ. "ತೊಟ್ಟಲಾ ತಯಾರಾಗೇತಂತ" ಎಂದಷ್ಟೇ ಎಂದ. "ತಂದ ಇಡು. ಶೇಂಗಾ ಹಾಕಾಕ ಬರತೈತಿ" ಎಂದಳು ಅತ್ತೆ.

ಬಿಡುವಾಗ ಡಾಕ್ಟರು ಮತ್ತೊಮ್ಮೆ ನಳಿಗೆ ಕಾಯಿಸಿ ಅತ್ತೆಗೇ ತೋರಿಸಿದರು. ಒಂದಿಷ್ಟು ಮಬ್ಬು, ಅಷ್ಟೇ. "ಇದೂ ಹೋಗ್ತದ. ಮನಿಗಿ ಹೋದ ಮ್ಯಾಲೂ ಇನ್ನಾ ಕೆಲವು ದಿನ ಉಪ್ಪು ಬ್ಯಾಡ" ಎಂದರು. "ಅದರ ಮಾತ ಬಿಡ್ರಿ" ಎಂದಳು ಅತ್ತೆ.

ತಿಕೋಟಾಕ್ಕೆ ಬಂದಿಳಿದಾಗ ಸಂತೆಯ ದಿನ. ನಮ್ಮ ಕಟ್ಟೆಯ ಮೇಲೆ ಘೋಣಸಗಿಯ ಅಣ್ಣ ಕೂತಿದ್ದ, ಜೊತೆಗೆ ಓಣಿಯ ಇಬ್ಬರು ಹಿರಿಯರು. ಬಸಿರು ಸುಳ್ಳೆಂಬ ಸುದ್ದಿ ನಮಗಿಂತ ಮೊದಲೇ ಬಂದು ಮುಟ್ಟಿತ್ತು. ಸಂತೆಗೆ ಬಂದವನ ಕೈಚೀಲ ಇರಲಿಲ್ಲ ಅವನ ಹತ್ತಿರ. ಹೆಗಲ ಮೇಲೆ ಹೊಸ ಟವೆಲು ಇತ್ತು. ಮಗಳ ಮಾತು ಮುಗಿಸಲು ಬಂದಿದ್ದಾನೆಂದು ನನಗೆ ಅರ್ಥವಾಯಿತು. ಬಾಗಿಲ ಕಂಬ ಹಿಡಿದುಕೊಂಡೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕ. "ಏನವ್ವ ತಂಗಿ, ಜೋಡಿ ಜೋಡಿ ಅಂತಿದ್ದಿ. ಎಲ್ಲದಾವ ನಿನ್ನ ಜೋಡಿ?"

ಅತ್ತೆ ಗಂಟು ಇಳಿಸಿದಳು. ಸೆರಗು ಸರಿ ಮಾಡಿಕೊಂಡಳು. ನನ್ನ ತೋಳು ಹಿಡಿದು ತಿರುಗಿಸಿ, ಬೆನ್ನಿನ ಮೇಲೆ, ಪಕ್ಕೆಲುಬು ಮುಗಿಯುವ ಕಡೆ, ಎರಡೂ ಬದಿಗೆ ಎರಡು ಅಂಗೈ ಇಟ್ಟಳು.

"ಅದಾವ ನೋಡು. ಎರಡೂ ಇಲ್ಲೇ ಅದಾವ. ಉಚ್ಚಿ ಸೋಸಾಕತ್ತಾವ."

ಹಿರಿಯರು ನೆಲ ನೋಡಿದರು. ಅಣ್ಣನ ಕಿವಿ ಕೆಂಪಾಯಿತು. "ಗಂಡಸರ ಮುಂದ ಏನ ಮಾತಬೇ ಇದು" ಎಂದ.

"ಈ ಮಾತ ನುಂಗಿದ್ದಕ್ಕ ಸ್ವಸಿ ಸಾಯತಿದ್ಲು. ಇನ್ನ ನುಂಗೂದಿಲ್ಲ. ನೀ ಹೇಳಾಕ ಬಂದದ್ದೇನೈತಿ, ಅದನ್ನ ನೀ ನುಂಗು. ಚಾ ಕುಡದ ಹೋಗಣ್ಣ."

ಅವನು ಚಹಾ ಕುಡಿಯದೆ ಹೋದ. ಆ ವರ್ಷದ ಬೇಸಿಗೆಯಲ್ಲೇ ಅವನ ಮಗಳಿಗೆ ಬೇರೆ ಕಡೆ ಗಂಡು ಗೊತ್ತಾಯಿತು. ನಾವೂ ಅಕ್ಕಿಕಾಳು ಹಾಕಿ ಬಂದೆವು.

ಅಂದು ಅತ್ತೆಯೇ ಅಡಿಗೆಗೆ ಕೂತಳು. ಬದನೆಕಾಯಿ ಪಲ್ಲೆ ಮಾಡಿ ಮೂವರಿಗೂ ಬಡಿಸಿದಳು. ಗಂಡ ಒಂದು ತುತ್ತು ಬಾಯಿಗಿಟ್ಟು, "ಉಪ್ಪ ಇಲ್ಲಲ್ಲಬೇ" ಎಂದ.

"ಇಲ್ಲ" ಎಂದಳು ಅತ್ತೆ. "ಎರಡೆರಡ ಗಡಿಗಿ ಯಾರ ಏರಸೋರು? ಮೆಣಸಿನಕಾಯಿ ಕಡಕೊಂಡ ತಿನ್ನು."